ಒಂಬತ್ತನೇ ಪುಟ

ಮುನ್ನೂರ ಹನ್ನೆರಡು ಹೆಂಗಸರ ಮೂತ್ರ. ಒಂದು ಬಾಟಲಿಯಲ್ಲೂ ಹುಳದ ಮೊಟ್ಟೆ ಇಲ್ಲ. ಲ್ಯಾಬಿನಿಂದ ಬಂದ ಹಾಳೆಗಳನ್ನು ಅವಳು ಮೂರು ಸಲ ತಿರುವಿಹಾಕಿದಳು. ಸೊನ್ನೆ ಕದಲಲಿಲ್ಲ.

ಕಾಲುವೆ ಪಕ್ಕದ ಆ ಊರಿನಲ್ಲಿ ಹೆಂಗಸರು ಮಂಡಿಮಟ್ಟ ನೀರಿನಲ್ಲಿ ನಿಂತು ಬಟ್ಟೆ ಒಗೆಯುತ್ತಾರೆ. ಅಲ್ಲಿನ ಬಸವನಹುಳುಗಳು ನೀರಿಗೆ ಬಿಡುವ ಪರೋಪಜೀವಿ ಚರ್ಮ ತೂರಿ ಒಳಗೆ ಹೋಗಿ ಹುಳವಾಗಿ ಬೆಳೆಯುತ್ತದೆ. ಅದರ ಮೊಟ್ಟೆಗಳು ಮೂತ್ರದಲ್ಲಿ ಹೊರಬೀಳುತ್ತವೆ, ಗರ್ಭಕೋಶದ ಬಾಯಲ್ಲಿ ಹುಣ್ಣನ್ನೂ ಮಾಡುತ್ತವೆ. ಕ್ಯಾನ್ಸರ್ ತಪಾಸಣೆಯಲ್ಲಿ ಕಾಣುವ ಹುಣ್ಣುಗಳಲ್ಲಿ ಎಷ್ಟು ಈ ಹುಳದವು ಎಂದು ತಿಳಿಯಲು ಅವಳು ಎರಡು ವರ್ಷದಿಂದ ಹೆಣಗುತ್ತಿದ್ದಳು. ಊರಿನವರು ಇಟ್ಟ ಹೆಸರು, ಹುಳದ ಡಾಕ್ಟರಮ್ಮ.

ತಪಾಸಣೆ ಯೋಜನೆಯ ಡೈರೆಕ್ಟರು ಫೋನಿನಲ್ಲಿ ಸುತ್ತಿಬಳಸಲಿಲ್ಲ. "ಹುಳ ಇಲ್ಲ ಅಂತ ನಿಮ್ಮ ಲ್ಯಾಬೇ ಹೇಳ್ತಿದೆ. ನಾಲ್ಕು ಗಂಟೆಗೆ ಸಮಿತಿ ಕೂರುತ್ತೆ. ಅಷ್ಟರೊಳಗೆ ಯೋಜನೆಯಿಂದ ಹುಳದ ಭಾಗ ಕಿತ್ತುಹಾಕಿ ಕಳಿಸಿ."

ಅವಳು ನೇರವಾಗಿ ಆರೋಗ್ಯ ಕೇಂದ್ರಕ್ಕೆ ಹೋದಳು. ಬಾಟಲಿಗಳನ್ನು ಸಂಗ್ರಹಿಸಿದ್ದ ನರ್ಸ್ ಕಪಾಟಿಗೆ ಬೀಗ ಹಾಕುತ್ತಿದ್ದರು.

"ಸಿಸ್ಟರ್, ಬಾಟಲಿ ಯಾವ ಹೊತ್ತಲ್ಲಿ ತುಂಬಿಸ್ಕೊಂಡ್ರಿ?"

"ಬೆಳಗ್ಗೆ ಎದ್ದ ತಕ್ಷಣ, ಮೇಡಂ. ಮೊದಲನೇದು. ಒಬ್ಬಳು ಬಾಟಲಿ ನೋಡಿ ಹಿತ್ತಲ ಬಾಗಿಲಿಂದ ಓಟ ಕಿತ್ತಳು. ಬಿಡ್ತೀನಾ?"

"ಹತ್ತರಿಂದ ಎರಡರೊಳಗೆ ಅಂತ ಬರೆದಿದ್ದೆನಲ್ಲ! ಮೊಟ್ಟೆ ಹೊರಗೆ ಬರೋದೇ ಮಧ್ಯಾಹ್ನ!"

"ಎಲ್ಲಿ ಬರೆದಿದ್ರಿ?"

"ನಿಮಗೆ ಕೊಟ್ಟ ಸೂಚನೆಗಳ ಒಂಬತ್ತನೇ ಪುಟದಲ್ಲಿ."

"ಮೂರನೇ ಪುಟಕ್ಕೇ ನಾನು ತೂಕಡಿಸಿದೆ, ಮೇಡಂ. ಬಸುರಿಯರ ಪರೀಕ್ಷೆಗೆ ಇಪ್ಪತ್ತೆರಡು ವರ್ಷದಿಂದ ಬೆಳಗಿನ ಮೊದಲನೇದನ್ನೇ ತರಿಸಿದ್ದೀನಿ. ಅಷ್ಟಕ್ಕೂ ಎಂಟಕ್ಕೆಲ್ಲ ಬಾಟಲಿ ಬಂತು ಅಂತ ಎಲ್ಲರೆದುರು ನನಗೆ ಚಪ್ಪಾಳೆ ತಟ್ಟಿಸಿದ್ದು ಯಾರು?"

ತಟ್ಟಿಸಿದ್ದು ಅವಳೇ. ಲ್ಯಾಬಿಗೆ ಹೋಗುವ ಗಾಡಿ ತಪ್ಪಲಿಲ್ಲ ಎಂಬ ಖುಷಿಯಲ್ಲಿ ಬೇರೇನೂ ಹೊಳೆದಿರಲಿಲ್ಲ.

ಗಡಿಯಾರದಲ್ಲಿ ಹನ್ನೆರಡು. ಇಬ್ಬರೂ ಖಾಲಿ ಬಾಟಲಿ ಹಿಡಿದು ಕಾಲುವೆಗೆ ಓಡಿದರು.

"ಬಂದ್ಳು ನೋಡ್ರೇ ಹುಳದ ಡಾಕ್ಟರಮ್ಮ!" ಎಂದು ಒಗೆಯುತ್ತಿದ್ದವಳೊಬ್ಬಳು ಕೂಗಿದಳು. "ಹೋದ ತಿಂಗಳು ಕೊಟ್ಟಿದ್ದನ್ನ ಏನು ಕುಡಿದುಬಿಟ್ರಾ?"

ನೀರೆಲ್ಲ ನಕ್ಕಂತಾಯಿತು. ಎಷ್ಟು ಗೋಗರೆದರೂ ಒಬ್ಬಳೂ ದಡಕ್ಕೆ ಬರಲಿಲ್ಲ. ಒಂದು ಸಲ ಕೊಟ್ಟಾಯ್ತಲ್ಲ, ಮುಗೀತು ಎಂದರು.

ಸಿಸ್ಟರ್ ಅವಳ ಕೈಯಿಂದ ಬಾಟಲಿ ಕಸಿದುಕೊಂಡರು. "ನಾನೂ ಇದೇ ನೀರಲ್ಲಿ ಬಟ್ಟೆ ಒಗೆಯೋಳು. ನಡೀರಿ."

ಕೇಂದ್ರದ ಹಳೆಯ ಸೂಕ್ಷ್ಮದರ್ಶಕದಲ್ಲಿ ಅವಳು ಕಣ್ಣಿಟ್ಟಳು. ಒಂದು ಮೊಟ್ಟೆ. ಪಕ್ಕದಲ್ಲಿ ಇನ್ನೆರಡು. ಉದ್ದುದ್ದ, ತುದಿಯಲ್ಲಿ ಮುಳ್ಳು. ಎರಡು ವರ್ಷದಿಂದ ಹುಡುಕಿದ್ದು ಸಿಕ್ಕಿತ್ತು, ಖುಷಿಪಡುವ ಹಾಗಿರಲಿಲ್ಲ.

ಸಿಸ್ಟರ್ ಬಗ್ಗಿ ನೋಡಿದರು. "ನಡುವೆ ನಡುವೆ ರಕ್ತ ಹೋಗುತ್ತೆ ಅಂತ ನಾನಂದಿದ್ದಕ್ಕೆ, ಮುಟ್ಟು ನಿಲ್ಲೋ ವಯಸ್ಸಮ್ಮ ಅಂದಿದ್ರು ಆಸ್ಪತ್ರೆ ಡಾಕ್ಟರು."

ಅವಳು ಫೋನ್ ಮಾಡಿದಳು.

"ಒಂದು ಬಾಟಲಿ ಹಿಡ್ಕೊಂಡು ಸಮಿತಿ ಮುಂದೆ ಹೋಗ್ಲೇನ್ರೀ?" ಎಂದರು ಡೈರೆಕ್ಟರು.

"ಬೇಡ ಸರ್. ಹೊತ್ತು ತಪ್ಪಿ ತರಿಸಿದ್ದು ನಾನು, ಆ ಸೊನ್ನೆಗೆ ಅರ್ಥವಿಲ್ಲ ಅಂತ ಬರೆದು ಕಳಿಸ್ತೀನಿ. ಅದನ್ನೇ ಓದಿ."

"ಹುಳದ ಭಾಗದ ಬದಲು ನಿಮ್ಮನ್ನೇ ಕಿತ್ತುಹಾಕ್ತಾರೆ."

"ಹಾಕ್ಲಿ."

ಐದಕ್ಕೆ ಉತ್ತರ ಬಂತು: ಒಂದು ತಿಂಗಳು ಸಮಯ. ಹೆಚ್ಚಿನ ಸಿಬ್ಬಂದಿ ಇಲ್ಲ. ಅಂದರೆ ಮುನ್ನೂರ ಹನ್ನೆರಡು ಬಾಗಿಲು, ದಿನಕ್ಕೆ ನಾಲ್ಕು ಗಂಟೆ, ಇವರಿಬ್ಬರು, ಮತ್ತು ಈಗಾಗಲೇ ನಗುತ್ತಿರುವ ಒಂದು ಊರು. ಅವಳು ಮೇಜಿಗೆ ಗುದ್ದಿದಳು. ಕೈ ನೋಯಿತು, ಅಷ್ಟೇ.

"ಹುಳಕ್ಕೆ ಮಾತ್ರೆ ಇದೆ ಸಿಸ್ಟರ್, ಕೊಡಿಸ್ತೀನಿ. ಕ್ಯಾನ್ಸರ್ ಪರೀಕ್ಷೆ ಮಾಡಿಕೊಂಡಿದ್ದೀರಾ?"

ಹೆಂಗಸರೇ ಸ್ವತಃ ಮಾದರಿ ತೆಗೆದುಕೊಡುವ ಆ ಪರೀಕ್ಷೆಯ ಹತ್ತಿಕಡ್ಡಿಗಳನ್ನು ಮನೆಮನೆಗೆ ಹಂಚಿ, ಹೇಗೆ ಬಳಸಬೇಕೆಂದು ಕಲಿಸಿದ್ದೂ ಸಿಸ್ಟರೇ. ಅವರು ಗೋಡೆ ನೋಡಿದರು. "ಪುರಸೊತ್ತು ಎಲ್ಲಿತ್ತು?"

ಅವಳು ಹತ್ತಿಕಡ್ಡಿಯ ಪೊಟ್ಟಣವೊಂದನ್ನು ಅವರ ಕೈಗೆ ತುರುಕಿದಳು. ಸಿಸ್ಟರ್ ಬಚ್ಚಲಿನ ಬಾಗಿಲವರೆಗೆ ಹೋಗಿ ನಿಂತರು.

"ಇದಕ್ಕೂ ಇಂಥದ್ದೇ ಹೊತ್ತು ಅಂತ ಇದೆಯಾ ಮೇಡಂ? ಒಂಬತ್ತನೇ ಪುಟ ನಾನಿನ್ನೂ ಓದಿಲ್ಲ."