ಪದವಿನ ಲಿಲ್ಲಿಗೆ ಎರಡು ಬೊಟ್ಟು ಅರಸಿನ

ಪುಂಜಾಲಕಟ್ಟೆಯ ನಮ್ಮ ನೆರೆಮನೆಯ ರಮಾನಾಥಣ್ಣ ದುಬಾಯಿ ಬಿಟ್ಟು ಬಂದದ್ದೇ ಹುಲ್ಲು ಕತ್ತರಿಸುವ ಯಂತ್ರವೊಂದನ್ನು ಕೊಂಡರು. ಅಲ್ಲಿ ಹುಲ್ಲು ಕಾಣದ ಸಿಟ್ಟನ್ನು ಇಲ್ಲಿ ತೀರಿಸಿಕೊಂಡರೋ ಏನೋ! ಮಳೆ ಬಿದ್ದು ಮನೆಯ ಹಿಂದಿನ ಪದವಿನಲ್ಲಿ, ಆ ಕೆಂಪು ಮುರಕಲ್ಲಿನ ಬಯಲಿನಲ್ಲಿ, ಹಸುರು ತಲೆಯೆತ್ತಿದ್ದೇ ತಡ, ಗರ್ರೆಂದು ನುಗ್ಗುತ್ತಿದ್ದರು. ಅವರ ಹೆಂಡತಿ ಸರಸಕ್ಕನ ಜೀವವೆಲ್ಲ ಆ ಪದವಿನ ಕಾಡುಲಿಲ್ಲಿಗಳಲ್ಲಿ. ಪಾಪ, ಮೂರು ಮಳೆಗಾಲದಿಂದ ಒಂದು ಹೂ ಕಂಡಿರಲಿಲ್ಲ.

“ಹುಲ್ಲು ಯಾವುದು ಲಿಲ್ಲಿ ಯಾವುದು ಗೊತ್ತಿಲ್ಲ, ಇವರಿಗೆ ಯಂತ್ರ ಬೇರೆ ಕೇಡು” ಎಂದು ನನ್ನ ಹತ್ತಿರ ಬೈಯುತ್ತಿದ್ದರು.

ಈ ಸಲ ಬೈದರೆ ಸಾಲದಾಯಿತು. ಮೂಡುಬಿದಿರೆಯಲ್ಲಿ ಸಸ್ಯಶಾಸ್ತ್ರ ಓದುವ ಮಗಳು ಸಾತ್ವಿಕಾ, “ನಮ್ಮಲ್ಲಿ ಎರಡು ಜಾತಿಯ ಕಾಡುಲಿಲ್ಲಿ ಉಂಟು, ಭಾನುವಾರ ಬನ್ನಿ” ಎಂದು ಕಾಲೇಜಿನ ಮೇಡಮ್ಮನ್ನು ಕರೆದಾಗಿತ್ತು. ಒಂದರ ನಡುವೆ ಬಿಳಿ ಬಟ್ಟಲು, ಇನ್ನೊಂದರ ಎಸಳು ಸಪೂರ. ಹೂವಿಲ್ಲದಿದ್ದರೆ ಮಗಳ ಮರ್ಯಾದೆ ಹೋಯಿತು.

ಬುಧವಾರ ಸರಸಕ್ಕ ಲಿಲ್ಲಿಗಳ ನಡುವಿನ ಕಲ್ಲಿಗೆ ಎರಡು ಬೊಟ್ಟು ಅರಸಿನ ಹಚ್ಚಿ, ಒಂದು ದಾಸವಾಳ ಇಟ್ಟು ಬಂದರು. ಬಾಯಿಬಿಟ್ಟು ಒಂದು ಸುಳ್ಳೂ ಹೇಳಲಿಲ್ಲ. ರಮಾನಾಥಣ್ಣ ಕಂಡವರೇ ಯಂತ್ರ ನಿಲ್ಲಿಸಿ, ಚಪ್ಪಲಿ ಕಳಚಿ, ಕಲ್ಲಿಗೆ ಬೆನ್ನು ಹಾಕದೆ ಹಿಂದಕ್ಕೇ ನಡೆದು ಬಂದರು.

“ಸರಸಾ, ಅಲ್ಲಿ ಏನೋ ಉಂಟು ಮಾರಾಯ್ತಿ. ಇನ್ನು ಆ ಬದಿಗೆ ಯಂತ್ರ ಬೇಡ.”

“ನಿಮಗೆ ಹಾಗೆ ಕಂಡರೆ ಬೇಡ” ಎಂದರು ಸರಸಕ್ಕ, ಸೆರಗಿನಲ್ಲಿ ನಗು ಮುಚ್ಚಿಕೊಂಡು.

ಶನಿವಾರ ಸಂಜೆ ಹೂ ಬಿರಿದವು. ಅಬ್ಬಾ, ಎಂಥ ಚೆಂದ! ಸರಸಕ್ಕ ಅಲ್ಲೇ ಕೂತು ಅತ್ತೇಬಿಟ್ಟರು.

ಭಾನುವಾರ ಮೇಡಂ ಬಂದರು. ಕಾಪಿ ಕುಡಿದು ಎಲ್ಲರೂ ಪದವಿಗೆ ಹೋದರೆ ಗಿಡದಲ್ಲಿ ಒಂದೇ ಒಂದು ಹೂವಿಲ್ಲ! ಕಲ್ಲಿನ ಮೇಲೆ ಬಿಳಿ ಹೂವಿನ ರಾಶಿ. ಮಿಂದು, ಬಿಳಿ ಮುಂಡು ಉಟ್ಟು, ರಮಾನಾಥಣ್ಣ ಕೈಮುಗಿದು ನಿಂತಿದ್ದಾರೆ. ಸಾತ್ವಿಕಾಳ ಮುಖ ಬಾಡಿತು.

“ಇಷ್ಟು ವರ್ಷ ಯಂತ್ರ ಓಡಿಸಿದ ತಪ್ಪಿಗೆ ಎಲ್ಲ ಕೊಯ್ದು ಏರಿಸಿದೆ” ಎಂದರು ರಮಾನಾಥಣ್ಣ. “ಬಟ್ಟಲಿನದ್ದು ಬಲಕ್ಕೆ, ಸಪೂರದ್ದು ಎಡಕ್ಕೆ. ಬೆರೆಸಲಿಲ್ಲ.”

ಮೇಡಂ ಬಗ್ಗಿ ನೋಡಿ, “ಹೌದು, ಎರಡು ಜಾತಿಯೂ ಉಂಟು” ಎಂದರು. ಸಾತ್ವಿಕಾಳಿಗೆ ಹೋದ ಉಸಿರು ಬಂತು.

ರಮಾನಾಥಣ್ಣ ಹೆಂಡತಿಯ ಕಡೆ ತಿರುಗಿದರು. ಮುಖದಲ್ಲಿ ಎಂಥಾ ಹೆಮ್ಮೆ! “ಎರಡೂ ಒಂದೇ ಅಲ್ಲ ಮಾರಾಯ್ತಿ. ನಿನಗೆ ಗೊತ್ತಿತ್ತಾ?”

ಸರಸಕ್ಕ ಆ ರಾಶಿಯನ್ನು ನೋಡಿದರು, ಗಂಡನನ್ನು ನೋಡಿದರು.

“ಇಲ್ಲಪ್ಪ, ಗೊತ್ತಿರಲಿಲ್ಲ” ಎಂದರು. ಇಡೀ ಪ್ರಕರಣದಲ್ಲಿ ಅವರು ಹೇಳಿದ ಸುಳ್ಳು ಅದೊಂದೇ.