ಲ್ಯಾಬಿನ ಅಮ್ಮಯಮ್ಮ

ರೂಪ ತಾಯಿಯ ಬಲಗಾಲಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚತೊಡಗಿದ್ದೇ ತಡ, ಸುತ್ತ ನಿಂತಿದ್ದ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಒಬ್ಬಳು ಕ್ಯಾಕರಿಸಿ ಬೇಲಿಯ ಕಡೆ ಉಗಿದಳು. ಬಟ್ಟೆಯ ಕೊನೆಯ ಸುತ್ತು ಕೀವಿಗೆ ಅಂಟಿಕೊಂಡು ಏನು ಮಾಡಿದರೂ ಬರಲೊಲ್ಲದು. ರೂಪ ಚೊಂಬಿನಿಂದ ಬಿಸಿನೀರು ಹುಯ್ದು ಅದನ್ನು ನೆನೆಸಿದಳು.

"ಬಿಚ್ಚಬ್ಯಾಡ ಕಣೇ," ತೆಂಗಿನ ಗರಿಯ ಮರೆಯ ಆಚೆಯಿಂದಲೇ ಮುನಿವೆಂಕಟಮ್ಮ ಹೇಳಿದಳು. ಆಕೆ ಸತ್ತ ಅಮ್ಮಯಮ್ಮನ ಒಡಹುಟ್ಟಿದ ತಂಗಿ. "ಬಟ್ಟೆ ಮೇಲೇ ನಾಕ್ ಚೊಂಬು ನೀರ್ ಹುಯ್ದು ಹೊಸ ಸೀರೆ ಸುತ್ಬಿಡು. ಮಣ್ಣಿಗೆ ಹೋಗೋ ಕಾಲು."

"ನೀನ್ ಬಂದು ಒಂಚೂರು ಬೆನ್ನು ಎತ್ತಿ ಹಿಡ್ಕೊ ಚಿಕ್ಕಮ್ಮ. ಬೆನ್ನಲ್ಲೂ ಹುಣ್ಣವೆ."

"ನಂಗೆ ಬಿಪಿ ಕಣವ್ವ. ತಲೆ ತಿರುಗ್ತದೆ."

ಬೆಳಗಿನಿಂದ ಬೀದಿಯಲ್ಲಿ ಕೂತು, ಬಂದವರನ್ನೆಲ್ಲ ತಬ್ಬಿಕೊಂಡು ಊರಿಗೆ ಕೇಳುವಂತೆ ಅತ್ತವಳು ಇದೇ ಚಿಕ್ಕಮ್ಮ. ರೂಪ ಮತ್ತೊಂದು ಚೊಂಬು ನೀರು ಹುಯ್ದಳು.

ಅಷ್ಟರಲ್ಲಿ ಅಣ್ಣ ಮುನೀಂದ್ರ ಬಂದು ಗರಿಯ ಸಂದಿಯಿಂದ ಇಣುಕಿದ. ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಕೆಲಸ, ಹೊಸಕೋಟೆಯಲ್ಲಿ ಮನೆ. ಬೆಳಿಗ್ಗೆಯಷ್ಟೇ ಬಂದಿದ್ದ. ಅವನ ಮೂಗಿನ ಮೇಲಿದ್ದ ಕರವಸ್ತ್ರ ಸೆಂಟಿನಿಂದ ಘಮಘಮ ಅನ್ನುತ್ತಿತ್ತು.

"ರೂಪ, ಸ್ವಲ್ಪ ತಡಿ. ಕಾಲೇಜ್‌ನವ್ರು ಬತ್ತಾವ್ರೆ. ಪ್ರಿನ್ಸಿಪಾಲ್ ಮೇಡಂ ಫೋನ್ ಮಾಡಿದ್ರು. ಅವರ ಹುಡ್ಗೀರೇ ಅಮ್ಮಂಗೆ ಸ್ನಾನ ಮಾಡಿಸ್ತಾರಂತೆ."

"ಇವತ್ತು ನೆಪ್ಪಾಯ್ತಾ ಅವರಿಗೆ?"

"ಸತ್ತ ಮನೇಲಿ ಜಗಳ ತೆಗೀಬ್ಯಾಡ. ದೊಡ್ಡೋರು ಬತ್ತಾವ್ರೆ, ಊರೋರು ನೋಡ್ತಾವ್ರೆ."

*

ನೆಲಮಂಗಲದ ಆ ನರ್ಸಿಂಗ್ ಕಾಲೇಜಿನಲ್ಲಿ ಅಮ್ಮಯಮ್ಮ ಕಸ ಗುಡಿಸುತ್ತಿದ್ದಳು. ಗಂಡ ಸತ್ತ ಮೇಲೆ ತ್ಯಾಮಗೊಂಡ್ಲು ಕಡೆಯ ಈ ಊರಿನಿಂದ ದಿನವೂ ಬಸ್ಸು ಹತ್ತಿ ಹೋಗಿ, ಆ ಕೆಲಸದಲ್ಲೇ ಇಬ್ಬರು ಮಕ್ಕಳನ್ನು ಸಾಕಿದ್ದಳು. ಸಂಜೆ ಮನೆಗೆ ಬಂದು ಟೀಚರುಗಳ ನಡಿಗೆ, ಮಾತು ಎಲ್ಲವನ್ನೂ ಅಣಕಿಸಿ ತೋರಿಸುತ್ತಿದ್ದಳು. ಅವಳು ಅಣಕಿಸಿದರೆ ನಗದವರಿಲ್ಲ.

ಒಂದು ವರ್ಷ ಕಾಲೇಜಿಗೆ ವಿಆರ್ ಪೆಟ್ಟಿಗೆಗಳು ಬಂದವು. ಅದನ್ನು ಕಣ್ಣಿಗೆ ಕಟ್ಟಿಕೊಂಡರೆ ಎದುರಿಗೇ ಆಸ್ಪತ್ರೆ, ಮಂಚ, ರೋಗಿ. ಇಂಜೆಕ್ಷನ್ ಚುಚ್ಚುವುದು, ಹುಣ್ಣು ತೊಳೆಯುವುದು, ಹೆಣಕ್ಕೆ ಸ್ನಾನ ಮಾಡಿಸುವುದು, ಎಲ್ಲವನ್ನೂ ಕೂತಲ್ಲೇ ಕಲಿಯಬಹುದು. ಚಿತ್ರ ತೆಗೆಯಲು ಬೆಂಗಳೂರಿನಿಂದ ಬಂದವರಿಗೆ ರೋಗಿಯಾಗಿ ಮಲಗಲು ಒಬ್ಬ ಮುದುಕಿ ಬೇಕಿತ್ತು. ಅಮ್ಮಯಮ್ಮ ಪೊರಕೆ ಕೆಳಗಿಟ್ಟು ಮಂಚ ಹತ್ತಿದಳು.

ಅವತ್ತು ಮನೆಗೆ ಬಂದವಳು ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಮಗಳಿಗೆ ತೋರಿಸಿದಳು. "ನೋಡೇ, ಮೇಣ ಮೆತ್ತಿ, ಬಣ್ಣ ಬಳಿದು ಎಂಥ ಹುಣ್ಣು ಮಾಡವ್ರೆ! ತೊಳೆಯಕ್ಕೇ ಮನಸ್ಸಾಗ್ಲಿಲ್ಲ, ಹಂಗೇ ಬಂದ್ಬಿಟ್ಟೆ. ಬಸ್ಸಲ್ಲಿ ಜನ ಸೀಟ್ ಬಿಟ್ಕೊಟ್ರು ಕಣೇ." ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಕೊನೇಗೆ ಸಾಯಿಸಿದ್ರು. ಉಸಿರು ಹಿಡ್ಕೊ ಅಮ್ಮಯಮ್ಮ ಅಂದ್ರು. ನಗು ತಡೀಲಾರ್ದೆ ಎದ್ ಕೂತ್ಕಂಡ್ಬಿಟ್ಟೆ."

ಆಮೇಲೆ ಹುಡುಗಿಯರಿಗೆಲ್ಲ ಅವಳು ಲ್ಯಾಬಿನ ಅಜ್ಜಿಯಾದಳು. "ಅಜ್ಜಿ, ಇವತ್ತೂ ನಿಮಗೆ ಸ್ನಾನ ಮಾಡಿಸ್ದೆ" ಎಂದು ಯಾರಾದರೂ ಅಂದರೆ, "ಸೋಪು ಕಣ್ಣಿಗೆ ಹೋಯ್ತಲ್ಲೇ ತಾಯಿ" ಎಂದು ಕಣ್ಣುಜ್ಜಿಕೊಳ್ಳುತ್ತಿದ್ದಳು. ಮುನೀಂದ್ರನಿಗಂತೂ ಹೆಮ್ಮೆಯೋ ಹೆಮ್ಮೆ. ಅವನ ಫ್ಯಾಕ್ಟರಿಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುವುದನ್ನೂ ಹಾಗೇ ಕಲಿಸುತ್ತಿದ್ದರು. "ಅದ್ರಲ್ಲಿ ಯಾರ್ ಮೇಲೆ ಹತ್ತಿಸಿದ್ರೂ ಏನೂ ಆಗಲ್ಲ ಕಣಮ್ಮ" ಅನ್ನುತ್ತಿದ್ದ.

*

ಕಾಲೇಜಿನ ಬಸ್ಸು ಬೀದಿಯಲ್ಲಿ ನಿಂತಿತು. ಬಿಳಿ ಕೋಟಿನ ಹುಡುಗಿಯರು ಸಾಲಾಗಿ ಇಳಿದರು. ಮುಖಕ್ಕೆ ಮಾಸ್ಕು, ಕೈಗೆ ನೀಲಿ ಗ್ಲೌಸು. ಪ್ರಿನ್ಸಿಪಾಲ್ ಮೇಡಂ ಹೂವಿನ ಹಾರ ಹಿಡಿದು ಗರಿಯ ಮರೆಯ ತನಕ ಬಂದು, ಅಲ್ಲೇ ಗಕ್ಕನೆ ನಿಂತು, ಹಾರವನ್ನು ಮುನೀಂದ್ರನ ಕೈಗೆ ಕೊಟ್ಟರು. ಆಮೇಲೆ ಅಂಗಳದ ಮಧ್ಯೆ ನಿಂತು, ಜೊತೆಗೆ ಬಂದು ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದವನ ಕಡೆ ತಿರುಗಿ ಮಾತಾಡಿದರು.

"ಅಮ್ಮಯಮ್ಮ ನಮ್ಮ ಸಂಸ್ಥೆಯ ತಾಯಿ ಇದ್ದ ಹಾಗೆ. ನಮ್ಮ ಮಕ್ಕಳು ಸೇವೆ ಅಂದರೇನು ಅಂತ ಕಲಿತಿದ್ದೇ ಅವರ ಮೈ ಮುಟ್ಟಿ. ಅವರಿಗೆ ಸಾವಿಲ್ಲ. ನಮ್ಮ ಲ್ಯಾಬಲ್ಲಿ ಯಾವಾಗಲೂ ಇರ್ತಾರೆ."

ಊರವರು ತಲೆದೂಗಿದರು. ಹುಡುಗಿಯರು ಗರಿಯ ಮರೆಯೊಳಗೆ ಹೋದರು.

ಹಲಗೆಯ ಮೇಲೆ ಅಮ್ಮಯಮ್ಮ ಮಲಗಿದ್ದಳು. ಬಟ್ಟೆ ಕೊನೆಗೂ ಬಿಟ್ಟುಕೊಂಡಿತ್ತು. ಕಾಲಿನ ಬೆರಳುಗಳಿದ್ದ ಕಡೆ ಕಪ್ಪಗೆ ಏನೋ ಉಳಿದಿತ್ತು. ಹಿಮ್ಮಡಿಯ ಹತ್ತಿರ ಮಾಂಸ ಬಾಯಿ ತೆರೆದಿತ್ತು, ಅದರೊಳಗೆ ಬಿಳಿಯದೇನೋ ಮಿಸುಕಾಡುತ್ತಿತ್ತು. ಮುಂದಿದ್ದ ಹುಡುಗಿ ಮಾಸ್ಕಿನೊಳಗೇ ವಾಂತಿ ಮಾಡಿಕೊಂಡು, ಅದನ್ನು ಕಿತ್ತೆಸೆದು ಓಡಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಹಲಗೆಯ ಸುತ್ತ ಗ್ಲೌಸುಗಳು ಬಿದ್ದವು.

ಒಬ್ಬಳು ಮಾತ್ರ ನಿಂತೇ ಇದ್ದಳು. ಹೊರಗಿನಿಂದ ಯಾರೋ ಕೂಗಿದರು: "ಹರ್ಷಿತಾ, ಬಾರೇ ಆಚೆ! ಸತ್ತೇ ಹೋಗ್ತೀಯ ಆ ವಾಸ್ನೆಗೆ!"

ಹೆಸರು ಕೇಳಿ ರೂಪ ತಲೆ ಎತ್ತಿದಳು.

*

ನಿಜವಾದ ಹುಣ್ಣು ಆಗಿದ್ದು ಹೋದ ವರ್ಷ. ಸಕ್ಕರೆ ಕಾಯಿಲೆಯ ಕಾಲು, ಮೊಳೆ ಚುಚ್ಚಿದ್ದೇ ಗೊತ್ತಾಗಿರಲಿಲ್ಲ. ಲ್ಯಾಬಿನೊಳಗೆ ಚಪ್ಪಲಿ ಹಾಕುವಂತಿಲ್ಲ, ಆದ್ದರಿಂದ ಅಮ್ಮಯಮ್ಮ ಬರಿಗಾಲಲ್ಲೇ ಗುಡಿಸುತ್ತಿದ್ದಳು. ಸುತ್ತಲೂ ಹುಡುಗಿಯರು ಪೆಟ್ಟಿಗೆ ಕಟ್ಟಿಕೊಂಡು, ಬಗ್ಗಿ, ಗಾಳಿಯಲ್ಲಿ ಅವಳ ಕಾಲನ್ನು ತೊಳೆಯುತ್ತಿದ್ದರು. ಅವಳು ಹರ್ಷಿತ ಎಂಬ ಹುಡುಗಿಯ ಭುಜ ಮುಟ್ಟಿದಳು.

"ಒಂಚೂರು ನನ್ ಕಾಲು ನೋಡವ್ವ. ಊದ್ಕಂಡದೆ."

ಹುಡುಗಿ ಪೆಟ್ಟಿಗೆ ತೆಗೆದು ಬಗ್ಗಿದಳು. ಅಷ್ಟರಲ್ಲಿ ಟೀಚರು ಕೂಗಿದರು. "ಏಯ್, ಮುಟ್ಬೇಡ! ಗ್ಲೌಸ್ ಇಲ್ದೆ! ಅಮ್ಮಯಮ್ಮ, ಗೌರ್ಮೆಂಟ್ ಆಸ್ಪತ್ರೆಗೆ ಹೋಗಿ. ಇಲ್ಲಿ ಕ್ಲಾಸ್ ನಡೀತಿದೆ." ಹರ್ಷಿತ ಪೆಟ್ಟಿಗೆಯನ್ನು ಮತ್ತೆ ಕಣ್ಣಿಗೆ ಕಟ್ಟಿಕೊಂಡಳು.

ಗೌರ್ಮೆಂಟ್ ಆಸ್ಪತ್ರೆಯಲ್ಲಿ ಮುಲಾಮು ಕೊಟ್ಟು ಕಳಿಸಿದರು. ಹುಣ್ಣು ಬಿರಿದು ನೀರು ಸೋರತೊಡಗಿತು. ಲ್ಯಾಬಲ್ಲಿ ವಾಸನೆ ಬರುತ್ತಿದೆ ಎಂದು ಮಕ್ಕಳು ದೂರು ಕೊಟ್ಟರಂತೆ. ನಾಳೆಯಿಂದ ಬರಬೇಡಿ ಎಂದು ಮೇಡಂ ಹೇಳಿದರು. ಇದನ್ನೂ ಅಮ್ಮಯಮ್ಮ ಮನೆಯಲ್ಲಿ ಅಣಕಿಸಿ ತೋರಿಸಿದಳು. ಮೂಗು ಹಿಡಿದು, ಕಣ್ಣು ಮೇಲೆ ಮಾಡಿ, "ನಾಳೆಯಿಂದ ಬರ್ಬೇಡಿ" ಎಂದಳು. ಅವತ್ತು ರೂಪ ನಗಲಿಲ್ಲ. ಮಾರನೆಯ ತಿಂಗಳು ರೂಪ ಗಾರ್ಮೆಂಟ್ಸ್ ಕೆಲಸ ಬಿಟ್ಟು ತಾಯಿಯ ಪಕ್ಕ ಕೂತಳು. ಕಾಲು ತೆಗೆಸಬೇಕೆಂದು ಡಾಕ್ಟರು ಹೇಳಿದಾಗ, "ಕುಂಟಿಯಾಗಿ ಯಾರ ಮನೆ ಬಾಗ್ಲಲ್ಲಿ ಬೀಳ್ಲಿ?" ಎಂದು ಅಮ್ಮಯಮ್ಮ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಿದ್ದಳು.

*

"ನಿಂತ್ಕಂಡ್ ಏನ್ ನೋಡ್ತೀಯ? ಕಾಲು ಹಿಡ್ಕೊ," ಎಂದಳು ರೂಪ.

ಹರ್ಷಿತ ಮಾಸ್ಕನ್ನು ಗದ್ದಕ್ಕೆ ಸರಿಸಿ, ಬಗ್ಗಿ ಕಾಲನ್ನು ಎತ್ತಿದಳು. ಎತ್ತಿದ ಕೂಡಲೇ ಕೈ ಕುಸಿಯಿತು. "ಇಷ್ಟೊಂದು ಭಾರನಾ ಅಕ್ಕ?"

"ಸತ್ತೋರ ಕಾಲು. ಕೆಳಗಿಂದ ಹಿಡಿ."

ರೂಪ ನೀರು ಹುಯ್ದು ತೊಳೆದಳು. ಹುಳುಗಳನ್ನು ಬೆರಳಲ್ಲೇ ತೆಗೆದಳು. ಹರ್ಷಿತಳ ಮೂಗಿನಿಂದ ನೀರಿಳಿಯುತ್ತಿತ್ತು. ನಡುವೆ ಒಮ್ಮೆ ಪಕ್ಕಕ್ಕೆ ತಿರುಗಿ ಕಕ್ಕಿದಳು, ಕಾಲನ್ನು ಮಾತ್ರ ಬಿಡಲಿಲ್ಲ. "ಅಕ್ಕ, ಅವತ್ತು ಅಜ್ಜಿ ನನ್ನ..." ಎಂದು ಶುರುಮಾಡುವಷ್ಟರಲ್ಲಿ ಪ್ರಿನ್ಸಿಪಾಲ್ ಮೇಡಂ ಅವಳ ಹೆಸರು ಹಿಡಿದು ಕರೆದರು. ಊರವರಿಗೆ ತೋರಿಸಲು ಲ್ಯಾಬಿನ ವಿಆರ್ ಪೆಟ್ಟಿಗೆ ತಂದಿದ್ದರು, ಅದನ್ನು ಆನ್ ಮಾಡಲು ಅವಳೇ ಬೇಕಂತೆ.

"ಹೋಗು. ಕರೀತಾವ್ರೆ," ಎಂದಳು ರೂಪ.

ಹುಡುಗಿ ಕಾಲನ್ನು ಮೆಲ್ಲಗೆ ಇಳಿಸಿ ಹೋದಳು.

ರೂಪ ಒಬ್ಬಳೇ ಬೆನ್ನು ತೊಳೆಯಲು ಹೆಣಗಿ, ಸೋತು, ಯಾರನ್ನಾದರೂ ಕರೆಯೋಣವೆಂದು ಆಚೆ ಬಂದಳು. ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಕುರ್ಚಿಯ ಹಿಂದೆ ಜನ ಸಾಲು ನಿಂತಿದ್ದರು. ವಾಸನೆಗೆ ಹಿಂದೆ ಸರಿದಿದ್ದ ಹೆಂಗಸರೆಲ್ಲ ಆ ಸಾಲಿನಲ್ಲಿದ್ದರು. ಕುರ್ಚಿಯಲ್ಲಿ ಮುನಿವೆಂಕಟಮ್ಮ, ಕಣ್ಣಿಗೆ ಕಪ್ಪು ಪೆಟ್ಟಿಗೆ.

"ಅಯ್ಯೋ ನನ್ನಕ್ಕಾ! ಎಷ್ಟು ಲಕ್ಷಣವಾಗಿ ಮಲಗಿದ್ದೀಯವ್ವಾ! ನನ್ನ ನೋಡಿ ನಗ್ತಾವ್ಳಲ್ರೋ!" ಅವಳು ಮುಂದಕ್ಕೆ ಬಾಗಿ, ಗಾಳಿಯಲ್ಲಿ ಎರಡೂ ಕೈ ಚಾಚಿ, ಏನನ್ನೋ ಸವರುತ್ತಿದ್ದಳು. ಪಾದವಿರಬೇಕು. ಸವರಿದ ಕೈಯನ್ನು ಕಣ್ಣಿಗೊತ್ತಿಕೊಳ್ಳಲು ಹೋಗಿ ಪೆಟ್ಟಿಗೆಗೆ ಗುದ್ದಿಕೊಂಡಳು.

ಫೋನಿನವನು ಅವಳ ಸುತ್ತ ತಿರುಗಿ ತಿರುಗಿ ಚಿತ್ರ ತೆಗೆಯುತ್ತಿದ್ದ. ಮುನೀಂದ್ರ ಕಣ್ಣೊರೆಸಿಕೊಂಡು ತಂಗಿಯ ಹತ್ತಿರ ಬಂದ. "ಒಂದ್ಸಲ ನೋಡೇ ರೂಪ. ಥೇಟ್ ಅಮ್ಮನೇ. ಹೆಂಗಿದ್ಲೋ ಹಂಗೇ."

"ಅಮ್ಮ ಒಳಗವ್ಳೆ ಕಣಣ್ಣ. ನೊಣ ಮುತ್ತವೆ. ಬೆನ್ನು ಎತ್ತಕ್ಕೆ ಯಾರಾದ್ರೂ ಬರ್ರಿ."

"ತಡಿಯೇ, ಇನ್ನೂ ಜನ ಅವ್ರೆ..."

ರೂಪ ಸೀದಾ ಹೋಗಿ ಚಿಕ್ಕಮ್ಮನ ಮುಖದಿಂದ ಪೆಟ್ಟಿಗೆಯನ್ನು ಕಿತ್ತಳು. ಅವಳ ಒದ್ದೆ ಬೆರಳು ಚಿಕ್ಕಮ್ಮನ ಕೆನ್ನೆಗೆ ತಗುಲಿತು. ಮುನಿವೆಂಕಟಮ್ಮ ಹಾವು ಮುಟ್ಟಿದವಳಂತೆ ಕುರ್ಚಿ ಬೀಳಿಸಿಕೊಂಡು ಎದ್ದಳು.

"ಥೂ! ಥೂ! ಆ ಕೈಲೇ ಮುಟ್ಟಿದ್ಯಲ್ಲೇ ಮುಂಡೆ!"

ಅವಳು ತೊಟ್ಟಿಯ ಹತ್ತಿರ ಓಡಿ, ಕೆನ್ನೆ ಕೆಂಪಗಾಗುವಂತೆ ಸೋಪು ಹಾಕಿ ಉಜ್ಜಿದಳು. ಮೇಡಂ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿಯದೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಸಿದರು. "ದುಃಖದಲ್ಲಿದ್ದಾರೆ, ಪಾಪ," ಎಂದು ಮುನೀಂದ್ರನಿಗೆ ಇಂಗ್ಲಿಷಿನಲ್ಲೂ ಒಮ್ಮೆ ಕನ್ನಡದಲ್ಲೂ ಒಮ್ಮೆ ಹೇಳಿ ಬಸ್ಸು ಹತ್ತಿದರು. ಹುಡುಗಿಯರು ಹತ್ತಿದರು. ಹರ್ಷಿತಳೂ ಹತ್ತಿದಳು.

ಬೆನ್ನನ್ನು ರೂಪ ಒಬ್ಬಳೇ ತೊಳೆದಳು. ಮೊಣಕಾಲಿನಿಂದ ಆನಿಸಿ, ತಾಯಿಯನ್ನು ತನ್ನ ಮೈಗೆ ಒರಗಿಸಿಕೊಂಡು ತೊಳೆದಳು.

ಬಿಸಿಲು ಇಳಿಯುವ ಮುಂಚೆ ಮಣ್ಣು ಮಾಡಿ ಬಂದರು. ಎಲ್ಲರೂ ಬೋರ್‌ವೆಲ್ ತೊಟ್ಟಿಯಲ್ಲಿ ಮಿಂದರು. ರೂಪ ಸೀಗೆಪುಡಿ ಹಾಕಿ ತಲೆಗೂ ಮೈಗೂ ಉಜ್ಜಿ ಮಿಂದು, ಒಗೆದ ಸೀರೆ ಉಟ್ಟಳು. ಪಕ್ಕದ ಮನೆಯವರು ಅನ್ನ, ಬೇಳೆಸಾರು ತಂದಿಟ್ಟಿದ್ದರು. ಜನ ಪೇಪರ್ ತಟ್ಟೆ ಹಿಡಿದು ಅಂಗಳದಲ್ಲಿ ಸಾಲಾಗಿ ಕೂತರು. ಬಡಿಸಲು ಯಾರೂ ಏಳದ್ದನ್ನು ನೋಡಿ ರೂಪ ಅನ್ನದ ಬೋಸಿ ಎತ್ತಿಕೊಂಡಳು.

ಮೊದಲು ಕೂತಿದ್ದವಳು ಮುನಿವೆಂಕಟಮ್ಮ. ಸೌಟು ಬಾಗುತ್ತಿದ್ದಂತೆ ತಟ್ಟೆಗೆ ಅಂಗೈ ಅಡ್ಡ ಹಿಡಿದಳು. "ನಂಗ್ ಹಸಿವಿಲ್ಲ ಕಣವ್ವ."

ಪಕ್ಕದವಳು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. ಅದರಾಚೆಯವಳು ಗ್ಯಾಸ್ಟ್ರಿಕ್ ಅಂದಳು. ಕೊನೆಯಲ್ಲಿ ಮುನೀಂದ್ರ ಕೂತಿದ್ದ. ಅವನು ಅನ್ನ ಹಾಕಿಸಿಕೊಂಡು, ಮುಟ್ಟದೆ, ಅವಳ ಬೆರಳುಗಳನ್ನೇ ನೋಡುತ್ತಿದ್ದ.

ರೂಪ ಸಾಲಿನ ಎದುರಿಗೆ ನೆಲದ ಮೇಲೆ ಕೂತಳು. ಬೋಸಿಯನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು, ಅದಕ್ಕೇ ಸಾರು ಸುರಿದು, ಬಲಗೈಯನ್ನು ಮಣಿಕಟ್ಟಿನ ತನಕ ಇಳಿಸಿ ಕಲಸಿದಳು. ದೊಡ್ಡ ದೊಡ್ಡ ತುತ್ತು ಕಟ್ಟಿ ಉಂಡಳು. ಎದುರಿಗೆ ಅಷ್ಟೂ ಜನ ಉಣ್ಣದೆ ತಟ್ಟೆ ಹಿಡಿದು ಕೂತಿದ್ದರು. ಮೊಣಕೈಯವರೆಗೆ ಇಳಿದ ಸಾರನ್ನು ಅವಳು ನಿಧಾನವಾಗಿ ನೆಕ್ಕಿದಳು.