ತಕ್ಕಡಿಯ ಎರಡನೇ ಸೆಲ್ಲು

ಓಣಿಯ ಮಂದಿ ಅವನನ್ನು ವಾಚಣ್ಣ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವನ ವಾಚು ರಿಪೇರಿ ಅಂಗಡಿ. ಸೆಲ್ಲಿನಲ್ಲಿ ಜೀವವಿದೆಯೇ ಎಂದು ನೋಡಲು ಅವನಿಗೆ ಮೀಟರು ಬೇಡ, ನಾಲಿಗೆ ಸಾಕು. ಬಿಲ್ಲೆಯಂಥ ಸೆಲ್ಲಿನ ಎರಡೂ ಮುಖಕ್ಕೆ ತಾಗುವಂತೆ ನಾಲಿಗೆಯ ತುದಿ ಮುಟ್ಟಿಸಿ, ಕಣ್ಣು ಮುಚ್ಚುವನು. ಚುರುಕ್ಕೆಂದರೆ ಬದುಕಿದೆ. ಇಲ್ಲವೆಂದರೆ ಸತ್ತ ಸೆಲ್ಲುಗಳ ಬಟ್ಟಲಿಗೆ.

ಆ ಬೆಳಿಗ್ಗೆ ಪಕ್ಕದ ಅಂಗಡಿಯವನ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಬಿಚ್ಚಿ, ಒಳಗಿದ್ದ ಎರಡು ಸೆಲ್ಲುಗಳನ್ನೂ ಹಾಗೆಯೇ ನೋಡಿದ. ನಾಲಿಗೆ ಸ್ವಲ್ಪ ಜುಮ್ಮೆಂದಿತು, ಅಷ್ಟೆ. "ಕೊನೆಯುಸಿರು" ಎಂದು ಎರಡನ್ನೂ ಮೇಜಿನ ಅಂಚಿಗಿಟ್ಟ. ಮೊಮ್ಮಗಳು, ಆಗಷ್ಟೇ ನಡೆಯಲು ಕಲಿತವಳು, ಅವನ ಮೊಣಕಾಲು ಹಿಡಿದು ನಿಂತಿದ್ದಳು. ಅವಳೂ ಒಂದನ್ನೆತ್ತಿ ನಾಲಿಗೆಗಿಟ್ಟು, ತಾತನ ಹಾಗೆಯೇ ಕಣ್ಣು ಮುಚ್ಚಿದಳು. ಅವನು ನಗುತ್ತ ಕೈ ಚಾಚುವಷ್ಟರಲ್ಲಿ ಗುಳುಂ.

ಅಡುಗೆಮನೆಯಲ್ಲಿ ಕೋಳಿಮಾಂಸ ಹೆಚ್ಚುತ್ತಿದ್ದ ಮಗಳು ಒದ್ದೆ ಕೈಯಲ್ಲೇ ಓಡಿಬಂದಳು. ಮಗು ಒಮ್ಮೆ ಓಕರಿಸಿ, ಅತ್ತು, ಸುಮ್ಮನಾಯಿತು.

"ಗಾಬರಿ ಬೀಳ್ಬೇಡ ಕಣಮ್ಮ. ಸತ್ತ ಸೆಲ್ಲು ಅದು. ನೀನು ಚಿಕ್ಕವಳಿದ್ದಾಗ ನಾಣ್ಯ ನುಂಗಿರ್ಲಿಲ್ವಾ? ಹೋದ ದಾರಿ ಒಂದು, ಬಂದ ದಾರಿ ಇನ್ನೊಂದು."

"ಸತ್ತಿದೆ ಅಂತ ಹೇಗೆ ಹೇಳ್ತೀಯ?"

ವಾಚಣ್ಣನಿಗೆ ಪಾಠ ಹೇಳುವುದೆಂದರೆ ಇಷ್ಟ. "ನೋಡು, ಒಂದು ಕಡೆ ಲಿಥಿಯಂ ಅನ್ನೋ ಲೋಹ. ಎಲೆಕ್ಟ್ರಾನ್ ಕೊಟ್ಟುಬಿಡೋಕೆ ಅದು ತುದಿಗಾಲಲ್ಲಿ ನಿಂತಿರುತ್ತೆ. ಇನ್ನೊಂದು ಕಡೆ ಇಸ್ಕೊಳ್ಳೋ ಪದಾರ್ಥ. ಮಧ್ಯೆ ಪರದೆ, ಎಲೆಕ್ಟ್ರಾನ್ ಅದನ್ನ ದಾಟೋ ಹಾಗಿಲ್ಲ. ಹೊರಗಡೆ ಒಂದು ತಂತಿ ಕೊಟ್ರೆ ಸುತ್ತು ಹಾಕ್ಕೊಂಡು ಹೋಗುತ್ತೆ. ಆ ಓಡಾಟವೇ ಕರೆಂಟು. ಕೊಡೋದು ಮುಗೀತು, ಸೆಲ್ಲು ಸತ್ತಿತು."

"ತಕ್ಕಡಿಗೆ ಸಾಲಲ್ಲ ಅಂದ್ರೆ ಮುಗೀತು ಅಂತಲಾ? ಹಿಂಡಿದ ಬಟ್ಟೇಲಿ ನೀರೇ ಇರಲ್ವಾ ಅಪ್ಪಾ?"

"ಇರ್ಲಿ ಬಿಡು. ಹೊಟ್ಟೆ ಒಳಗೆ ತಂತಿ ಎಳೆದೋರು ಯಾರು?"

ಮಗಳು ಮಗುವಿನ ಕಡೆ ತಿರುಗಿದಳು. ಮಗುವಿನ ಬಾಯಿಂದ ಜೊಲ್ಲು ಇಳಿದು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಹಾಲು ಹಿಡಿದರೆ ಮುಖ ತಿರುಗಿಸಿತು. ನುಂಗಲು ಹೋಗಿ ಕತ್ತು ಚಾಚಿ, ನುಂಗಲಾರದೆ ಬಿಟ್ಟಿತು. ಅವಳು ಆ ಜೊಲ್ಲನ್ನೇ ನೋಡುತ್ತಿದ್ದು, ಒಳಗೆ ಹೋಗಿ ಮಾಂಸದ ತಟ್ಟೆ ತಂದಳು.

"ಆ ಇನ್ನೊಂದು ಸೆಲ್ಲು ಕೊಡಪ್ಪ. ಒದ್ದೆ ಇದ್ರೆ ತಂತಿ ಬೇಕೋ ಬೇಡ್ವೋ ನೋಡೋಣ."

"ಸತ್ತ ಕೋಳಿಗೆ ಕರೆಂಟ್ ಕೊಟ್ಟು ಕೂಗಿಸ್ತೀಯಾ?" ಎನ್ನುತ್ತಲೇ ಕೊಟ್ಟ.

ಎರಡು ಹಸಿ ತುಂಡುಗಳ ನಡುವೆ ಬಿಲ್ಲೆಯನ್ನಿಟ್ಟು ಒತ್ತಿದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು, ಒಂದರ ಹಿಂದೊಂದು, ಯಾರೋ ಒಳಗೆ ಕೂತು ಉಸಿರಾಡುತ್ತಿರುವ ಹಾಗೆ. ವಾಚಣ್ಣ ಕನ್ನಡಕ ಏರಿಸಿಕೊಂಡು ಬಗ್ಗಿದ. ಮೇಲಿನ ತುಂಡನ್ನು ಎತ್ತಿದಾಗ ಮೈನಸ್ ಮುಖ ತಾಗಿದ್ದ ಕಡೆ ಮಾಂಸ ಕಪ್ಪಗೆ ಸುತ್ತುಗಟ್ಟಿತ್ತು. ಬೆರಳಿಟ್ಟು ನೋಡಿದ. ಸೋಪಿನಂತೆ ಜಾರಿತು.

"ಒದ್ದೆಯೇ ತಂತಿ ಆಗಿದೆ. ಕರೆಂಟು ನೀರನ್ನ ಒಡೀತಿದೆ," ಎಂದ ಮೆಲ್ಲಗೆ. "ಇದು ಕ್ಷಾರ. ಸುಡೋ ಕ್ಷಾರ."

ತಲೆಯೆತ್ತಿದರೆ ಮಗಳಿಲ್ಲ. ಮಗುವನ್ನೆತ್ತಿಕೊಂಡು ಅವಳಾಗಲೇ ಬೀದಿಯಲ್ಲಿ ಓಡುತ್ತಿದ್ದಳು. ಅಂಗಡಿಯ ಬಾಗಿಲನ್ನೂ ಹಾಕದೆ ಅವನು ಹಿಂದೆ ಓಡಿದ.

ಆಸ್ಪತ್ರೆಯ ಎಕ್ಸರೇಯಲ್ಲಿ ಬಿಲ್ಲೆ ಹೊಟ್ಟೆಗೆ ಇಳಿದೇ ಇರಲಿಲ್ಲ. ಎದೆಯ ಮೇಲ್ಭಾಗದಲ್ಲಿ, ಅನ್ನನಾಳಕ್ಕೆ ಕಚ್ಚಿಕೊಂಡು ಬೆಳ್ಳಗೆ ಕೂತಿತ್ತು. ಮಗುವಿಗೆ ಮಂಪರು ಕೊಟ್ಟು ಕೊಳವೆ ಇಳಿಸಿ ತೆಗೆದರು.

ಹೊರಬಂದ ವೈದ್ಯೆಯ ಮುಖದ ಬಿಗುವು ಇಳಿದಿರಲಿಲ್ಲ. "ಸೆಲ್ಲು ಬಂತು. ಆದ್ರೆ ಸುಟ್ಟದ್ದು ಅಲ್ಲಿಗೇ ನಿಲ್ಲಲ್ಲಮ್ಮ, ಇನ್ನೂ ಆಳಕ್ಕೆ ಹೋಗ್ಬಹುದು. ಅನ್ನನಾಳದ ಪಕ್ಕದಲ್ಲೇ ದೊಡ್ಡ ರಕ್ತನಾಳ ಇದೆ. ಮಧ್ಯದ ಗೋಡೆ ತಡ್ಕೊಳ್ಳುತ್ತೋ ಇಲ್ವೋ ಈಗ್ಲೇ ಹೇಳೋಕಾಗಲ್ಲ. ಕೆಮ್ಮಿದ್ರೆ ರಕ್ತ ಬಂತಾ ನೋಡ್ತಿರಿ."

"ಸತ್ತಿತ್ತಲ್ಲ ಡಾಕ್ಟ್ರೇ ಅದು," ಎಂದ ವಾಚಣ್ಣ.

"ನಿಮ್ಮ ತಕ್ಕಡಿಗೆ ಸತ್ತಿತ್ತು."

ಮಧ್ಯಾಹ್ನದ ಬಿಸಿಲು ವಾರ್ಡಿನ ನೆಲದಿಂದ ಗೋಡೆಗೆ ಏರಿತು. ಮೂಗಿನಲ್ಲಿ ನಳಿಗೆಯಿದ್ದ ಮಗು ಕಣ್ಣು ತೆರೆದು ಕೆಮ್ಮಿತು. ಮಗಳು ಬಿಳಿ ಟವೆಲನ್ನು ಬಾಯಿಗೊಡ್ಡಿದಳು. ಇಬ್ಬರೂ ಬಗ್ಗಿ ನೋಡಿದರು.

"ಏನಿಲ್ಲ ಬಿಡು, ಬೆಳ್ಳಗಿದೆ," ಎಂದ ಅವನು.

ಅವಳು ಟವೆಲು ತೆಗೆಯಲಿಲ್ಲ. ಮಗು ಮತ್ತೆ ಕೆಮ್ಮಲು ಉಸಿರೆಳೆದುಕೊಳ್ಳುತ್ತಿತ್ತು.